ಐದು ಸಲ ಕುಡಿದ ಹಾಲು

ನನ್ನ ಮಗಳು ತೀರಿಕೊಂಡು ಹದಿನೇಳು ದಿನ ನನಗೆ ಯಾರೂ ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೇನೆ. ಮತ್ತೆ ನೀವು ಕೇಳ್ತಾ ಕೂತು, ಅವಳು ಬದುಕಿಯಾಳು ಅಂತ ಆಸೆ ಇಟ್ಟುಕೊಳ್ಳುವುದು ಬೇಡ. ಹಾಗೆ ಆಸೆ ಇಟ್ಟುಕೊಂಡು ಕೂತವಳು ನಾನು ಒಬ್ಬಳು ಸಾಕು.

ನಾನು ಪಾತುಮ್ಮ. ನನ್ನ ಗಂಡ ಅಬ್ದುಲ್ ಶುಕೂರರಿಗೆ ಮೆಲ್ಕಾರಿನಲ್ಲಿ ಚಪ್ಪಲಿ ಅಂಗಡಿ ಉಂಟು. ಮಗ ಇಮ್ತಿಯಾಝ್ ದಮ್ಮಾಮಿನಲ್ಲಿ. ಅವನ ಹೆಂಡತಿ ಮುರ್ಶಿದಾ ಐದು ತಿಂಗಳ ಹೆಣ್ಣುಮಗುವಿನೊಟ್ಟಿಗೆ ನಮ್ಮ ಮನೆಯಲ್ಲೇ ಇರುವುದು. ಮಗಳು ಶಮ್ನಾಳನ್ನು ಕೊಟ್ಟದ್ದು ವೇಣೂರಿಗೆ, ವಯರಿಂಗ್ ಕೆಲಸದ ಬಾಸಿತನಿಗೆ. ಪಾತುಮ್ಮನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತುಂಟು. ಜೋರೇ, ಇಲ್ಲ ಅಂತ ಯಾರು ಹೇಳಿದ್ದು? ಬಾಯಿ ಜೋರಿದ್ದವಳ ಎದೆಯೂ ಗಟ್ಟಿ ಇರಬಹುದು ಅಂತ ಮಾತ್ರ ನಮ್ಮವರಿಗೆ ಹೊಳೆಯಲಿಲ್ಲ.

ಏಳು ತಿಂಗಳಿಗೆ ಬಸುರಿ ಹುಡುಗಿಯನ್ನು ತಾಯಿಮನೆಗೆ ಕರೆದುಕೊಂಡು ಬರುವುದು ನಮ್ಮ ಕ್ರಮ. ಭಾನುವಾರ ಅಂತ ನಿಶ್ಚಯ ಮಾಡಿದ್ದೆವು. ನಾನು ಅವಳ ಕೋಣೆ ಗುಡಿಸಿ ಒರೆಸಿ ಹೊಸ ತಲೆದಿಂಬು ಹಾಕಿ ಇಟ್ಟಿದ್ದೆ. ಶುಕ್ರವಾರ ಜುಮಾ ಮುಗಿಯುವ ಹೊತ್ತಿಗೆ ಬಾಸಿತನ ಫೋನ್ ಬಂತು. ಅವಳಿಗೆ ತಲೆನೋವು ತಡೆಯಲಿಕ್ಕೆ ಆಗುವುದಿಲ್ಲವಂತೆ, ಕಣ್ಣು ಮಂಜಾಗ್ತದಂತೆ, ಮುಖ ಬಾತಿದೆಯಂತೆ. ಮೂಡುಬಿದಿರೆಯ ಆಸ್ಪತ್ರೆಗೆ ಮುಟ್ಟುವಾಗ ಬೀಪಿ ಎಷ್ಟೋ ಆಗಿತ್ತು. ಆ ನಂಬರು ನನಗೆ ಅರ್ಥ ಆಗಲಿಲ್ಲ, ಡಾಕ್ಟರರ ಮುಖ ಅರ್ಥ ಆಯಿತು. ಒಂದು ಗಂಟೆಯೊಳಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಂಡು. ಒಂದು ಕಿಲೋ ನೂರ ಎಂಬತ್ತು ಗ್ರಾಂ. ನೆಂಟರು ಬಂದ ದಿನ ನಾವು ಮೀನು ತರುವುದೇ ಅದಕ್ಕಿಂತ ಜಾಸ್ತಿ.

ಮಾರನೇ ದಿನ ಶಮ್ನಾಳಿಗೆ ಮೂತ್ರ ಹೋಗುವುದು ನಿಂತಿತು. ಕಿಡ್ನಿಗೆ ಪೆಟ್ಟಾಗಿದೆ, ಮಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಮಗುವನ್ನು ಅಷ್ಟು ದೂರ ಕುಲುಕಿಸುವುದು ಬೇಡ, ಅವನು ಇಲ್ಲೇ ಇರಲಿ ಅಂದರು. ಆಂಬ್ಯುಲೆನ್ಸಿಗೆ ಹತ್ತಿಸುವಾಗ ಅವಳು ನನ್ನ ಕೈ ಹಿಡಿದುಕೊಂಡು, "ಉಮ್ಮ, ನೀವು ಬರುವುದು ಬೇಡ. ಅವನ ಹತ್ತಿರ ಇರಿ," ಅಂದಳು. ನಾನು ನಿಂತೆ. ಬಾಸಿತನ ಉಮ್ಮ ಎರಡು ವರ್ಷದಿಂದ ಮೈಯ ಒಂದು ಕಡೆ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಾರೆ, ಮುರ್ಶಿದಾಳಿಗೆ ಹಾಲು ಕುಡಿಯುವ ಮಗು. ನಾನಲ್ಲದೆ ಮತ್ತೆ ಯಾರು ನಿಲ್ಲುವುದು? ಅವಳ ಮುಖ ನಾನು ಕಡೆಯದಾಗಿ ನೋಡಿದ್ದು ಅಲ್ಲಿ.

ನಾಲ್ಕನೇ ದಿನ ಶಶಿಪ್ರಭಾ ಅಂತ ಒಬ್ಬರು ಸಿಸ್ಟರ್ ನನ್ನನ್ನು ಕರೆದರು. ಬೆಳ್ತಂಗಡಿ ಕಡೆಯವರು, ನಮ್ಮ ಮಾತೆಲ್ಲ ತುಳುವಿನಲ್ಲಿ. "ಅಮ್ಮ, ಇವನನ್ನು ಇನ್ನು ಕಾಂಗರೂ ಮಾಡುವ," ಅಂದರು. ಅಷ್ಟು ಬೇಜಾರಿನಲ್ಲೂ ನನಗೆ ನಗು ಬಂತು. ಅವನನ್ನು ಮನುಷ್ಯ ಮಾಡಲಿಕ್ಕೇ ಇಷ್ಟು ಕಷ್ಟ ಉಂಟು, ಇವರು ಕಾಂಗರೂ ಮಾಡ್ತಾರಂತೆ. ಮತ್ತೆ ಅವರು ಬಿಡಿಸಿ ಹೇಳಿದರು. ಬಟ್ಟೆ ಇಲ್ಲದ ಎದೆಯ ಮೇಲೆ ಬಟ್ಟೆ ಇಲ್ಲದ ಮಗುವನ್ನು ನೆಟ್ಟಗೆ ಅಂಟಿಸಿ, ತಲೆಗೊಂದು ಟೊಪ್ಪಿ ಹಾಕಿ, ಮೇಲಿಂದ ಅಗಲದ ಬಟ್ಟೆಯಲ್ಲಿ ಕಟ್ಟುವುದು. ನಮ್ಮ ಮೈಯ ಬಿಸಿಯಲ್ಲೇ ಅದು ಬೆಳೆಯುವುದು. ನಮ್ಮ ಉಸಿರು ತಾಗ್ತಾ ಇದ್ದರೆ ಅದು ತನ್ನ ಉಸಿರು ಎಳೆಯಲಿಕ್ಕೆ ಮರೆಯುವುದಿಲ್ಲವಂತೆ. "ತಾಯಿ ಮಾಡುವ ಕೆಲಸ. ತಾಯಿ ಇಲ್ಲದಿದ್ದರೆ ಅಜ್ಜಿಯೂ ಆಗ್ತದೆ," ಅಂದರು. "ತಾಯಿ ಇಲ್ಲದಿದ್ದರೆ ಅಂತ ಹೇಳ್ಬೇಡಿ ಸಿಸ್ಟರ್, ತಾಯಿ ಮಂಗಳೂರಿನಲ್ಲಿದ್ದಾಳೆ," ಅಂತ ನಾನು ಅಲ್ಲೇ ಜೋರು ಮಾಡಿದೆ. ಪಾಪ, ಅವರು ತಪ್ಪಾಯಿತು ಅಂದರು.

ಬುರ್ಖಾ ತೆಗೆದು, ಎದುರಿನಿಂದ ಬಿಚ್ಚುವ ಆಸ್ಪತ್ರೆಯ ಅಂಗಿ ಹಾಕಿ ಒರಗುವ ಕುರ್ಚಿಯಲ್ಲಿ ಕೂತೆ. ಐವತ್ತೆರಡು ವರ್ಷದ ಎದೆ. ಇಬ್ಬರು ಕುಡಿದು ಬಿಟ್ಟು ಎಷ್ಟೋ ಕಾಲ ಆಗಿದೆ. ಅದರ ಮೇಲೆ ಅವನನ್ನು ಇಟ್ಟರು. ಭಾರವೇ ಗೊತ್ತಾಗಲಿಲ್ಲ, ಬೆನ್ನಿನ ಮೂಳೆ ಮಾತ್ರ ಬೆರಳಿಗೆ ಒಂದೊಂದಾಗಿ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಅವನ ಕೈ ನನ್ನ ಚರ್ಮವನ್ನು ಗೀರಿ ಹಿಡಿಯಿತು. ಅವಳನ್ನು ಹಿಡಿಯಬೇಕಾದ ಕೈ ನನ್ನನ್ನು ಹಿಡಿದಿದೆಯಲ್ಲ ಅಂತ ಆಯಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅವನ ಕಾಲಿಗೆ ಕೆಂಪು ದೀಪದ ಪಟ್ಟಿ ಕಟ್ಟಿ, ಅದರ ವಯರನ್ನು ಒಂದು ಮೆಶಿನಿಗೆ ಕೊಟ್ಟಿದ್ದರು. ಅದು ಆಕ್ಸಿಜನ್ ತೋರಿಸುವುದಂತೆ. ಅದರಲ್ಲಿ ತೊಂಬತ್ತಾರು ಅಂತ ಇದ್ದದ್ದು ಎಂಬತ್ತು, ಎಪ್ಪತ್ತೆರಡು ಅಂತ ಇಳಿಯಿತು, ಮೆಶಿನ್ ಬಡಿದುಕೊಳ್ಳಲಿಕ್ಕೆ ಶುರು ಮಾಡಿತು. ಸಿಸ್ಟರ್ ಓಡಿ ಬಂದು ಅವನ ಕುತ್ತಿಗೆ ನೆಟ್ಟಗೆ ಮಾಡಿ, ಪಾದಕ್ಕೆ ಬೆರಳಿನಲ್ಲಿ ತಟ್ಟಿದರು. ನೀಲಿಯಾದವನು ಮತ್ತೆ ಕೆಂಪಗಾದ. "ನೀವು ಬಿಕ್ಕುವಾಗ ಎದೆ ಕುಲುಕಿ ಅವನ ಕುತ್ತಿಗೆ ಮಡಚಿತು, ಉಸಿರಿನ ದಾರಿ ಕಟ್ಟಿತು," ಅಂದರು. "ಅಳ್ಬೇಕು ಅಂತ ಆದರೆ ಅವನನ್ನು ನನ್ನ ಕೈಯಲ್ಲಿ ಕೊಡಿ, ಹೊರಗೆ ಹೋಗಿ ಅತ್ತು ಬನ್ನಿ."

ಪರದೆಯ ಆಚೆ ನಿಂತಿದ್ದ ನಮ್ಮವರು, ನನ್ನ ಗಂಡ, ಇದನ್ನೆಲ್ಲ ಕೇಳಿಸಿಕೊಂಡರು. ಮೆಶಿನಿನ ಬೊಬ್ಬೆಯನ್ನೂ ಕೇಳಿದರು. ಆ ದಿನದಿಂದ ನಾನು ಅಳಲಿಲ್ಲ. ಸುಬಹಿಗೆ ಎದ್ದು, ನಮಾಜು ಮಾಡಿ, ಒಂದು ಲೋಟ ಚಹಾ ಕುಡಿದು ಕೂತರೆ ರಾತ್ರಿಯವರೆಗೆ. ಊಟಕ್ಕೆ, ನಮಾಜಿಗೆ ಮಾತ್ರ ಏಳುವುದು. ಸೊಂಟ ಹಿಡಿದುಕೊಂಡಿತು, ಕಾಲು ಬಾತಿತು. ಅವನಿಗೆ ದಿನಕ್ಕೆ ಹತ್ತು ಗ್ರಾಂ, ಹದಿನೈದು ಗ್ರಾಂ ಏರ್ತಿತ್ತು. ಆ ಗ್ರಾಮಿಗಾಗಿ ನಾನು ಕಲ್ಲಿನ ಹಾಗೆ ಕೂರ್ತಿದ್ದೆ.

ಹಾಲು ಮಂಗಳೂರಿನಿಂದ ಬರ್ತಿತ್ತು. ಅಲ್ಲಿಯ ಸಿಸ್ಟರುಗಳು ಶಮ್ನಾಳ ಹಾಲು ಹಿಂಡಿ ಸಣ್ಣ ಬಾಟ್ಲಿಗೆ ಹಾಕಿ ಕೊಡುವುದು, ಬಾಸಿತ್ ಐಸಿನ ಡಬ್ಬಿಯಲ್ಲಿಟ್ಟು ಬೈಕಿನಲ್ಲಿ ತರುವುದು. ಮೊದಲ ದಿನ ಬಾಟ್ಲಿಯ ತಳ ಮುಚ್ಚುವಷ್ಟು ಬಂತು. ಅದನ್ನೇ ಮೂಗಿನ ನಳಿಗೆಯಲ್ಲಿ ಅವನಿಗೆ ಬಿಟ್ಟರು. ನಾಲ್ಕು ದಿನ ಹಾಗೆ ಬಂತು. ಒಂಬತ್ತನೇ ದಿನ ಶನಿವಾರ ಬಾಸಿತನೂ ಬರಲಿಲ್ಲ, ಹಾಲೂ ಬರಲಿಲ್ಲ. ಆಸ್ಪತ್ರೆಯವರೇ ಡಬ್ಬಿಹಾಲು ಕೊಟ್ಟರು. ಆದಿತ್ಯವಾರ ನಮ್ಮವರು ಬಂದು ಬಾಗಿಲಿನಲ್ಲೇ ನಿಂತರು. ಎರಡು ಕಣ್ಣೂ ಕೆಂಪು, ರೆಪ್ಪೆ ದಪ್ಪ. ಕಣ್ಣಬೇನೆ, ಹತ್ತಿರ ಬಂದರೆ ಮಗುವಿಗೆ ತಾಗ್ತದೆ ಅಂದರು. ಶಮ್ನಾಳಿಗೆ ಜ್ವರಕ್ಕೆ ಜೋರು ಮದ್ದು ಕೊಟ್ಟಿದ್ದಾರೆ, ಎರಡು ದಿನ ಹಾಲು ಆಗುವುದಿಲ್ಲ ಅಂದರು. ನಾನು ನಂಬಿದೆ. ಮೂವತ್ತು ವರ್ಷ ಒಟ್ಟಿಗೆ ಇದ್ದ ಗಂಡನ ಅತ್ತ ಮುಖ ನೋಡಿ ಕಣ್ಣಬೇನೆ ಅಂತ ನಂಬಿದೆ.

ಹನ್ನೊಂದನೇ ದಿನ ಹಾಲು ಬಂತು. ತಳ ಮುಚ್ಚುವಷ್ಟಲ್ಲ, ಬಾಟ್ಲಿ ತುಂಬ. ಮಾರನೇ ದಿನ ಎರಡು ಬಾಟ್ಲಿ. ಚೀಟಿಯಲ್ಲಿ 'ಶಮ್ನಾಳ ಮಗು' ಅಂತ ಬರೆದಿತ್ತು. ಅದು ಸುಳ್ಳಲ್ಲ ನೋಡಿ, ಆಸ್ಪತ್ರೆಯಲ್ಲಿ ಹೆಸರಿಡದ ಮಗುವಿಗೆ ತಾಯಿಯ ಹೆಸರೇ. ನನಗೆ ಆದ ಸಂತೋಷ ಎಂತ ಹೇಳುವುದು. ಮೈಯಲ್ಲಿ ಜೀವ ಬಾರದೆ ಎದೆಯಲ್ಲಿ ಹಾಲು ಬರ್ತದಾ? ಪಕ್ಕದ ಕುರ್ಚಿಯಲ್ಲಿ ಮಗುವನ್ನು ಕಟ್ಟಿಕೊಂಡು ಕೂರುತ್ತಿದ್ದ ಶುಭಶ್ರೀ ಅಂತ ಹುಡುಗಿಗೆ ಬಾಟ್ಲಿ ತೋರಿಸಿ, "ನೋಡು ಮಾರಾಯ್ತಿ, ನನ್ನ ಮಗಳಿಗೆ ಗುಣ ಆಗ್ತಾ ಉಂಟು," ಅಂದೆ. ಅವಳು ತಲೆ ತಗ್ಗಿಸಿ ತನ್ನ ಮಗುವಿನ ಟೊಪ್ಪಿ ಸರಿ ಮಾಡಿದಳು. ಅವಳಿಗೂ ಗೊತ್ತಿತ್ತು. ಇಡೀ ವಾರ್ಡಿಗೆ ಗೊತ್ತಿತ್ತು.

ಫೋನ್ ಮಾಡಿಕೊಡಿ, ಒಂದು ಮಾತು ಆಡ್ತೇನೆ ಅಂತ ನಾನು ಕೇಳದ ದಿನ ಇಲ್ಲ. ಗಂಟಲಿಗೆ ನಳಿಗೆ ಹಾಕಿದ್ದಾರೆ, ಮಾತಾಡಲಿಕ್ಕೆ ಆಗುವುದಿಲ್ಲ ಅಂತಿದ್ದರು ನಮ್ಮವರು. "ಹೇಗಿದ್ದಾಳೆ?" ಅಂದರೆ, "ಹಾಲು ಬರ್ತದಲ್ಲ, ನೀನೇ ನೋಡ್ತಿ," ಅಂತಿದ್ದರು. ಆ ಮಾತು ಹೇಳಲಿಕ್ಕೆ ಅವರಿಗೆ ನಾಲಗೆ ಹೇಗೆ ಬಂತು ಅಂತ ಈಗಲೂ ಯೋಚನೆ ಮಾಡ್ತೇನೆ.

ಸಂಜೆ ಒಂದು ಗಂಟೆ ತಂದೆಯಂದಿರಿಗೆ ಬಿಡ್ತಿದ್ದರು, ಬೇರೆ ಸಣ್ಣ ಕೋಣೆಯಲ್ಲಿ. ಹದಿನೈದನೇ ದಿನ ಇರಬೇಕು, ನಾನು ಮಗ್ರಿಬ್ ನಮಾಜು ಮುಗಿಸಿ ಬರುವಾಗ ಬಾಸಿತ್ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದ. ಕಣ್ಣಿಂದ ನೀರು ಇಳಿದು ಮಗುವಿನ ಟೊಪ್ಪಿಗೆ ಬೀಳ್ತಾ ಉಂಟು. ಅಳಿಯನಿಗೆ ನಮ್ಮಲ್ಲಿ ಒಂದು ಮರ್ಯಾದಿ ಉಂಟು, ಅತ್ತೆಯಾದವಳು ಅವನ ಮುಖಕ್ಕೆ ನೇರ ಮಾತೂ ಆಡುವುದಿಲ್ಲ. ನನಗೆ ಮಂಡೆ ಬಿಸಿಯಾಯಿತು. "ಎಂತ ಗಂಡಸು ನೀನು," ಅಂದೆ. "ಅಲ್ಲಿ ಅವಳು ಸಾವಿನೊಟ್ಟಿಗೆ ಗುದ್ದಾಡಿ ನಿನ್ನ ಮಗುವಿಗೆ ಹಾಲು ಕಳಿಸ್ತಾಳೆ. ನೀನು ಇಲ್ಲಿ ಹೆಂಗಸರ ಹಾಗೆ ಮೂಗು ಸುರಿಸ್ತೀಯಾ? ಮಗುವಿಗೆ ಉಸಿರು ಕಟ್ಟಿದರೆ ಅವಳಿಗೆ ಯಾರು ಜವಾಬು ಕೊಡುವುದು?" ಅವನು ಕಣ್ಣು ಒರೆಸಿ, "ಆಯಿತು ಮಾಮಿ, ಇನ್ನು ಅಳುವುದಿಲ್ಲ," ಅಂದ. ಹೆಂಡತಿಯನ್ನು ಮಣ್ಣು ಮಾಡಿ ಆರು ದಿನ ಆಗಿತ್ತು ಅವನಿಗೆ. ಆ ಮಾತು ನಾನು ಆಡಿದ್ದಕ್ಕೆ ನಮ್ಮನ್ನು ಸೃಷ್ಟಿಸಿದವನು ನನ್ನನ್ನು ಕ್ಷಮಿಸಬಹುದು, ನಾನು ಕ್ಷಮಿಸುವುದಿಲ್ಲ.

ಇಪ್ಪತ್ತಾರನೇ ದಿನ ಮಂಗಳವಾರ. ತೂಕ ಒಂದು ಕಿಲೋ ನಾನೂರ ಇಪ್ಪತ್ತು. ಬೆಳಿಗ್ಗೆ ಶಶಿಪ್ರಭಾ ಸಿಸ್ಟರ್ ಅವನ ಬಾಯಿಗೆ ಬೆರಳು ಕೊಟ್ಟರೆ, ಅವನು ಚೀಪಿದ. "ಚೀಪಲಿಕ್ಕೆ ಕಲಿತ. ಇನ್ನು ಮೊಲೆಗೆ ಹಾಕಿ ನೋಡುವ," ಅಂದರು. ನಾನು ಬಿಡಲಿಲ್ಲ. ಶಮ್ನಾಳನ್ನು ಅರ್ಧ ಗಂಟೆ ಆದರೂ ಕರೆದುಕೊಂಡು ಬರಲಿ, ಆಂಬ್ಯುಲೆನ್ಸಿನಲ್ಲಿ ಮಲಗಿಸಿಯಾದರೂ ತರಲಿ, ಮೊದಲ ಸಲ ಅವಳೇ ಕೊಡಬೇಕು ಅಂತ ಹಟ ಹಿಡಿದೆ. ಸಿಸ್ಟರ್ ಹೊರಗೆ ಹೋಗಿ ನಮ್ಮವರೊಟ್ಟಿಗೆ ತುಂಬಾ ಹೊತ್ತು ಮಾತಾಡಿದರು.

ಮಧ್ಯಾಹ್ನ ಮುರ್ಶಿದಾ ಬಂದಳು. ಅವಳು ಆಸ್ಪತ್ರೆಗೆ ಬಂದದ್ದು ನಾನು ನೋಡಿದ್ದು ಅದೇ ಮೊದಲು. ನಾನು ಮಗುವನ್ನು ಎದೆಗೆ ಕಟ್ಟಿಕೊಂಡೇ ಕೂತಿದ್ದೆ, ಅವನು ನಿದ್ರೆಯಲ್ಲಿದ್ದ. "ಮಾಮಿ, ಶಮ್ನಾಳಿಗೆ ಇವತ್ತು ಬರಲಿಕ್ಕೆ ಆಗುವುದಿಲ್ಲವಂತೆ," ಅಂದಳು ನೆಲ ನೋಡಿಕೊಂಡು. "ಹೇಗೂ ನನಗೆ ಹಾಲು ಉಂಟು. ನಾನೇ ಮೊಲೆಗೆ ಹಾಕಿ ನೋಡುವುದಾ ಅಂತ ಮಾವ ಕೇಳಿದರು."

ನಾನು ನಕ್ಕೆ. ಯಾಕೆ ಅಂತ ಹೇಳ್ಬೇಕು. ನಮ್ಮಲ್ಲಿ ಒಬ್ಬಳ ಹಾಲನ್ನು ಐದು ಸಲ ಹೊಟ್ಟೆ ತುಂಬ ಕುಡಿದ ಮಗು ಅವಳದ್ದೇ ಮಗು ಆಗ್ತದೆ. ಹಿಂಡಿ ಕೊಟ್ಟರೂ ಲೆಕ್ಕ ಅದೇ. ಮತ್ತೆ ಅವಳ ಮಕ್ಕಳೆಲ್ಲ ಅದಕ್ಕೆ ಒಡಹುಟ್ಟಿದವರು, ಅವರೊಳಗೆ ಮದುವೆ ಆಗುವ ಹಾಗಿಲ್ಲ. ಮುರ್ಶಿದಾ ಹೆತ್ತು ನಲ್ವತ್ತು ದಿನ ಕಳೆದಾಗ ಶಮ್ನಾ ತನ್ನ ಹೊಟ್ಟೆ ಸವರಿಕೊಂಡು, "ಇದು ಗಂಡಾದರೆ ನಿನ್ನ ಮಗಳು ನನಗೆ. ಈಗಲೇ ಹೇಳಿ ಇಟ್ಟಿದ್ದೇನೆ," ಅಂದಿದ್ದಳು. ಎಲ್ಲರೂ ನಕ್ಕಿದ್ದೆವು.

"ಏ ಹೆಣ್ಣೇ, ನಿನ್ನ ಮಗಳಿಗೆ ಗಂಡ ಬೇಡವಾ?" ಅಂದೆ. "ಶಮ್ನಾ ಬಂದು ನನ್ನ ಸೊಸೆಯನ್ನು ಎಲ್ಲಿ ಕಳೆದಿರಿ ಅಂತ ಕೇಳಿದರೆ ನಾನು ಎಂತ ಹೇಳುವುದು? ಆಯಿತು, ಇವತ್ತು ಒಂದು ಸಲ ಕೊಡು. ಒಂದು ಸಲಕ್ಕೆ ಎಂತದ್ದೂ ಆಗುವುದಿಲ್ಲ. ಐದು ಸಲ ಆಗದ ಹಾಗೆ ನೋಡಿಕೊಂಡರೆ ಆಯಿತು. ಅಷ್ಟರೊಳಗೆ ಅವಳು ಬರ್ತಾಳೆ."

ಮುರ್ಶಿದಾ ನನ್ನ ಕಾಲಿನ ಹತ್ತಿರ ಕೂತುಬಿಟ್ಟಳು.  ಆಮೇಲೆ, "ಮಾಮಿ, ಐದು ಸಲ ಎಂದೋ ಆಯಿತು," ಅಂದಳು.

ನನಗೆ ಕೂಡಲೇ ಹೋಗಲಿಲ್ಲ ತಲೆಗೆ. "ಯಾವಾಗ ಕೊಟ್ಟೆ ನೀನು?" ಅಂದೆ.

"ಹನ್ನೊಂದನೇ ದಿನದಿಂದ. ಸಿಸ್ಟರ್ ನನ್ನ ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ತೆಗೆದುಕೊಂಡರು. ಅದನ್ನು ನಿಮ್ಮಿಂದ ಮುಚ್ಚಿಡುವ ಹಾಗಿಲ್ಲ ಮಾಮಿ. ನಾಳೆ ನೀವು ಇದೇ ಮಾತು ನಾಲ್ಕು ಜನರ ಎದುರು ಆಡಿ ನಿಶ್ಚಯ ಮಾಡಿದರೆ, ಆ ಪಾಪ ನನ್ನ ಕುತ್ತಿಗೆಗೆ. ಇವರಿಬ್ಬರು ಈಗ ಅಕ್ಕ ತಮ್ಮ."

ಹನ್ನೊಂದನೇ ದಿನದಿಂದ. ಬಾಟ್ಲಿ ತುಂಬ ಬಂದ ದಿನದಿಂದ. ಹಾಗಾದರೆ ನಾನು ವಾರ್ಡಿಡೀ ತೋರಿಸಿದ ಹಾಲು ಇವಳದ್ದು. ಹಾಗಾದರೆ ಶಮ್ನಾಳ ಹಾಲು ಎಲ್ಲಿ ಹೋಯಿತು? ನಾನು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಮುರ್ಶಿದಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗೊತ್ತಾಯಿತು.

ಅವಳು ಬೇಗ ಬೇಗ ಎದ್ದು ಮಗುವನ್ನು ತೆಗೆದುಕೊಳ್ಳಲಿಕ್ಕೆ ಕೈ ಚಾಚಿದಳು. ನಾನು ಕೊಡಲಿಲ್ಲ. ಅವನ ಕುತ್ತಿಗೆಯ ಹಿಂದೆ ಒಂದು ಕೈ ಇಟ್ಟು, ಬೆನ್ನಿಗೆ ಒಂದು ಕೈ ಇಟ್ಟು, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು ಎಳೆದೆ. ಮೆಲ್ಲಗೆ ಎಳೆದೆ, ಮೆಲ್ಲಗೆ ಬಿಟ್ಟೆ. ಒಳಗೆ ಎಲ್ಲ ಕುಸಿದು ಬೀಳ್ತಾ ಉಂಟು, ಮೇಲಿಂದ ಎದೆ ಅಲ್ಲಾಡುವ ಹಾಗಿಲ್ಲ.

"ಯಾವತ್ತು?" ಅಂದೆ.

"ಹಾಲು ಬಾರದ ಆ ಶನಿವಾರ. ತಲೆಯೊಳಗೆ ರಕ್ತನಾಳ ಒಡೆಯಿತಂತೆ. ಮತ್ತೆ ಎಚ್ಚರ ಬರಲಿಲ್ಲ."

"ಎಲ್ಲಿ ಮಣ್ಣು ಮಾಡಿದ್ದು?"

"ವೇಣೂರಿನ ಪಳ್ಳಿಯ ಖಬರಸ್ತಾನದಲ್ಲಿ. ಅಸರ್ ನಮಾಜು ಆದ ಮೇಲೆ."

"ಯಾರು ಮೀಯಿಸಿದ್ದು?"

"ನಾನು, ಮತ್ತೆ ಬಾಸಿತರ ಅಕ್ಕ."

"ಕ್ರಮದ ಹಾಗೆ ಕೂದಲು ಮೂರು ಜಡೆ ಹಾಕಿದಿರಾ?"

"ಹಾಕಿದೆವು ಮಾಮಿ. ಸಿಕ್ಕು ಬಿಡಿಸಲಿಕ್ಕೆ ತುಂಬಾ ಹೊತ್ತು ಬೇಕಾಯಿತು."

ಅವಳ ಕೂದಲು ಹಾಗೆಯೇ, ಗುಂಗುರು. ಸಣ್ಣದಿರುವಾಗ ಬಾಚಣಿಗೆ ಹಿಡಿದರೆ ಓಡ್ತಿದ್ದಳು. ಎಣ್ಣೆ ಹಾಕಿ ತುದಿಯಿಂದ ಬಿಡಿಸಿದರೆ ನೋವಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ಇವರಿಗೆ ಯಾರಿಗೂ ಗೊತ್ತಿರಲಿಲ್ಲ.

ಸಿಸ್ಟರ್ ಬಂದು ಮೆಶಿನ್ ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತ್ತು. "ನಮ್ಮವರನ್ನು ಪರದೆಯ ಹತ್ತಿರ ಕರೆಯಿರಿ," ಅಂದೆ. ಅವರು ಬಂದು ನಿಂತದ್ದು ನೆರಳಿನಲ್ಲಿ ಕಂಡಿತು. "ಸಿಸ್ಟರ್, ಅದರಲ್ಲಿ ಎಷ್ಟುಂಟು ಅಂತ ಇವರಿಗೆ ಓದಿ ಹೇಳಿ," ಅಂದೆ. "ತೊಂಬತ್ತಾರು," ಅಂದರು ಸಿಸ್ಟರ್.

"ಕೇಳಿದಿರಾ?" ಅಂದೆ ನಾನು. ಸ್ವರ ಏರಿಸುವ ಹಾಗಿರಲಿಲ್ಲ. ಜನ್ಮದಲ್ಲಿ ಅಷ್ಟು ಮೆಲ್ಲಗೆ ನಾನು ಜಗಳ ಮಾಡಿದವಳಲ್ಲ. "ಅಂದು ಹೇಳಿದ್ದರೂ ತೊಂಬತ್ತಾರೇ ಇರ್ತಿತ್ತು. ಇವನನ್ನು ಒಂದು ದಿನ ಆಸ್ಪತ್ರೆಯ ಬಿಸಿಪೆಟ್ಟಿಗೆಯಲ್ಲಿ ಬಿಟ್ಟು ಹೋಗಿ, ನನ್ನ ಮಗಳನ್ನು ನಾನೇ ಮೀಯಿಸಿ, ಮುಖ ನೋಡಿ, ರಾತ್ರಿ ಇಶಾ ನಮಾಜಿನೊಳಗೆ ಬಂದು ಇದೇ ಕುರ್ಚಿಯಲ್ಲಿ ಕೂರ್ತಿದ್ದೆ. ನೀವು ನನ್ನನ್ನು ಯಾರು ಅಂತ ಗ್ರಹಿಸಿದಿರಿ?"

ಅವರು, "ಪಾತು, ಇವನೂ ಹೋದರೆ ಅಂತ ಹೆದರಿಕೆ ಆಯಿತು," ಅಂದರು. ಅಷ್ಟೇ ಹೇಳಿದ್ದು. ಆಮೇಲೆ ಪರದೆಯ ಆಚೆ ಅವರು ಅಳುವುದು ಕೇಳಿತು. ನಾನು ಹೇಳಿದೆ ಸರಿ, ಕೂರ್ತಿದ್ದೆ ಅಂತ. ನಿಜಕ್ಕೂ ಬಂದು ಕೂರ್ತಿದ್ದೆನಾ, ಅವಳ ಗೋರಿಯ ಹತ್ತಿರದಿಂದ ಎದ್ದು ಬರ್ತಿದ್ದೆನಾ, ಸತ್ಯವಾಗಿ ನನಗೂ ಗೊತ್ತಿಲ್ಲ. ಆದರೆ ಅದನ್ನು ನೋಡುವ ಹಕ್ಕು ನನ್ನದಾಗಿತ್ತು.

ಮೂರು ಗಂಟೆಗೆ ಮಗು ಎದ್ದು ಬಾಯಿ ತೆರೆದು ನನ್ನ ಎದೆಯಲ್ಲಿ ಹುಡುಕಲಿಕ್ಕೆ ಶುರು ಮಾಡಿದ. ಅಲ್ಲಿ ಎಂತ ಉಂಟು? ಬಟ್ಟೆಯ ಗಂಟು ಬಿಚ್ಚಿದೆ. ಮುರ್ಶಿದಾ ಹಿಂದೆ ಮುಂದೆ ನೋಡ್ತಿದ್ದಳು. "ತೆಗೆದುಕೋ," ಅಂದೆ. "ಐದಲ್ಲ, ಐನೂರು ಸಲ ಕೊಡು. ಅವನಿಗೆ ಇನ್ನು ನೀನೇ ಉಮ್ಮ." ಅವಳು ಅವನನ್ನು ಮೊಲೆಗೆ ಹಾಕಿದಳು. ಎರಡು ಸಲ ಜಾರಿದ, ಮೂರನೇ ಸಲ ಹಿಡಿದ. ಕುಡಿಯುವ ಶಬ್ದ ಕೇಳಿತು.

ಶಮ್ನಾ ಕೇಳಬೇಕಾದ ಶಬ್ದ ಅದು. ನಾನು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಳ್ಳಿ ಪೂರ್ತಿ ತಿರುಗಿಸಿ ಬಿಟ್ಟು ಅತ್ತೆ. ಬೊಬ್ಬೆ ಹಾಕಿ ಅಳಬಾರದು ಅಂತ ಪಳ್ಳಿಯ ಉಸ್ತಾದರು ಹೇಳ್ತಾರೆ, ನಾನು ಹಾಕಿದೆ. ಎದೆಗೆ ಗುದ್ದಿಕೊಂಡೆ. ಇಪ್ಪತ್ತೆರಡು ದಿನದಿಂದ ಆ ಎದೆಯನ್ನು ನಾನು ಹಾಗೆ ಮುಟ್ಟುವ ಹಾಗಿರಲಿಲ್ಲ. ಅವಳ ಹೆಸರು ಹಿಡಿದು ಕರೆದೆ. ನೀನು ಬೇಡ ಅಂದರೂ ನಾನು ಬರಬೇಕಿತ್ತು ಮೋಳೇ, ನನ್ನ ಮಗಳೇ, ಆಂಬ್ಯುಲೆನ್ಸಿನ ಹಿಂದೆ ಓಡಿಯಾದರೂ ಬರಬೇಕಿತ್ತು ಅಂದೆ.

ಸಿಸ್ಟರ್ ಬಾಗಿಲು ತಟ್ಟಿದರು. "ಅಮ್ಮ, ಅವನದ್ದು ಕುಡಿದಾಯಿತು. ಬರ್ತೀರಾ? ಮೈ ತಣ್ಣಗಾಗ್ತಾ ಉಂಟು."

ಹದಿನೈದು ನಿಮಿಷ ಆಗಿತ್ತು. ನಾನು ನಳ್ಳಿ ನಿಲ್ಲಿಸಿ ಮುಖ ತೊಳೆದೆ. ಎದೆ ಒದ್ದೆಯಾಗಿತ್ತು, ಒಣ ಬಟ್ಟೆಯಲ್ಲಿ ಉಜ್ಜಿ ಒರೆಸಿ ಬಿಸಿ ಮಾಡಿದೆ. ಹೋಗಿ ಕುರ್ಚಿಯಲ್ಲಿ ಒರಗಿ, ಅವನನ್ನು ಇಡಿ ಅಂದೆ.